ವೋಟಿಲ್ಲದ ಕುರ್ಚಿಯ ವಕೀಲಿಕೆ

ತುಮಕೂರು ಕೋರ್ಟಿನಲ್ಲಿ ಜೂನಿಯರ್ ಆಗಿದ್ದಾಗ ಸೈನ್ಯದ ಕಾನೂನು ವಿಭಾಗಕ್ಕೆ ಅರ್ಜಿ ಹಾಕಿದ್ದೀನಿ ಅಂದೆ. ನಮ್ಮ ಸೀನಿಯರ್ ನಕ್ಕುಬಿಟ್ಟರು. "ಬಂದೂಕು ಹಿಡಿಯೋಕೆ ಇಷ್ಟು ವರ್ಷ ಲಾ ಓದಿದೆಯೇನಪ್ಪಾ?" ಅಂದರು. ನಿವೃತ್ತಿಯಾಗಿ ಊರಿಗೆ ಬಂದಮೇಲೆ ಕಾಲೇಜು ಹುಡುಗರು ಕೇಳುವುದೂ ಹೆಚ್ಚುಕಡಿಮೆ ಇದೇ ಪ್ರಶ್ನೆ.

ಬಂದೂಕು ಹಿಡಿಯಲೇಬೇಕು. ಸೈನ್ಯದ ಈ ಕಾನೂನು ವಿಭಾಗದ ಹೆಸರು ಜಡ್ಜ್ ಅಡ್ವೊಕೇಟ್ ಜನರಲ್, ನಾವು ಸುಮ್ನೆ 'ಜಾಗ್' ಅನ್ನುತ್ತೇವೆ. ಸೇರಬೇಕಾದರೆ ಲಾ ಪದವಿಯಲ್ಲಿ 55 ಪರ್ಸೆಂಟ್, ವಯಸ್ಸು 21ರಿಂದ 27, ಈಗ ಕ್ಲಾಟ್ ಪಿಜಿ ಅನ್ನುವ ಲಾ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಅಂಕವೂ ಬೇಕು. ಐದು ದಿನದ ಎಸ್‌ಎಸ್‌ಬಿ ಅನ್ನುವ ಆಯ್ಕೆ ಸಂದರ್ಶನ, ಮೆಡಿಕಲ್, ಆಮೇಲೆ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರ. ಓಟ, ಹಗ್ಗ ಹತ್ತುವುದು, ಫೈರಿಂಗ್ ಯಾವುದರಲ್ಲೂ ವಕೀಲರಿಗೆ ರಿಯಾಯಿತಿ ಇಲ್ಲ. ಸೈನ್ಯದ ಕಾನೂನು ಕಲಿಸುವುದು ನಾಗಪುರದ ಹತ್ತಿರ ಕಾಮ್ಟಿಯಲ್ಲಿ.

ಜನ ಅಂದುಕೊಂಡ ಹಾಗೆ ನಾವು ಮೇಜು ಗುದ್ದಿ ವಾದ ಮಾಡುವವರಲ್ಲ. ಸೈನ್ಯದ ದೊಡ್ಡ ವಿಚಾರಣಾ ನ್ಯಾಯಾಲಯವಾದ ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐದು ಜನ ಅಧಿಕಾರಿಗಳು ತೀರ್ಪುಗಾರರು. ಹೆಚ್ಚಿನವರು ಲಾ ಓದಿದವರಲ್ಲ. ಅವರ ಜೊತೆ ಒಬ್ಬ ಜಡ್ಜ್ ಅಡ್ವೊಕೇಟ್ ಕೂರಲೇಬೇಕು ಅಂತ 1950ರ ಆರ್ಮಿ ಆಕ್ಟ್ ಹೇಳುತ್ತದೆ. ಕಾನೂನು ಬಿಡಿಸಿ ಹೇಳುವುದು, ಕೊನೆಗೆ ಸಾಕ್ಷ್ಯವನ್ನು ಕ್ರೋಡೀಕರಿಸಿ ಮುಂದಿಡುವುದು ಅವನ ಕೆಲಸ. ವೋಟು ಮಾತ್ರ ಇಲ್ಲ. ಬಾಗಿಲು ಹಾಕಿಕೊಂಡು ಅಭಿಪ್ರಾಯ ಕೇಳುವಾಗ ಎಲ್ಲರಿಗಿಂತ ಕಿರಿಯ ಅಧಿಕಾರಿ ಮೊದಲು ಹೇಳಬೇಕು. ನನಗೆ ತುಂಬಾ ಹಿಡಿಸಿದ ನಿಯಮ ಇದು. ಕರ್ನಲ್ ಸಾಹೇಬರು ಬಾಯಿಬಿಟ್ಟ ಮೇಲೆ ಕ್ಯಾಪ್ಟನ್ ಬೇರೆ ರಾಗ ತೆಗೆಯೋದು ಕಷ್ಟ ಅಲ್ವಾ?

ಆದರೆ ನನ್ನ ಸರ್ವಿಸ್ ಜಾಸ್ತಿ ಕಳೆದದ್ದು ವಿಚಾರಣೆಗೆ ಮುಂಚೆ ನಮ್ಮ ಸಲಹೆಗೆ ಬರುವ ಫೈಲುಗಳಲ್ಲಿ. ಒಂದು ಫೈಲು ಹೇಳುತ್ತೇನೆ. ಸಿಪಾಯಿಯೊಬ್ಬ ರಜೆ ಮುಗಿದರೂ ವಾಪಸ್ ಬಂದಿರಲಿಲ್ಲ. ಸಾಕ್ಷಿಗಳ ಹೇಳಿಕೆಗಳು ಅಕ್ಷರ ಬಿಡದೆ ಒಂದೇ ಥರ. ಪ್ರತಿಯೊಂದರ ಕೆಳಗೂ ಅದೇ ಕೈಬರಹ, ಅದೇ ಶಾಯಿ: ಆರೋಪಿ ಪಾಟೀಸವಾಲು ಬೇಡ ಅಂದ. ನಿಯಮದ ಪ್ರಕಾರ ಆರೋಪಿಯ ಎದುರೇ ಸಾಕ್ಷಿ ನುಡಿಯಬೇಕು, ಪ್ರಶ್ನೆ ಕೇಳಲು ಅವನಿಗೆ ಬಿಡಬೇಕು. ಕಮಾಂಡಿಂಗ್ ಆಫೀಸರ್‌ಗೆ ಫೋನ್ ಮಾಡಿದೆ.

"ಸರ್, ಅವನನ್ನ ಎದುರಿಗೆ ನಿಲ್ಲಿಸಿದ್ರಾ?"

"ವಕೀಲ್ ಸಾಬ್, ತಡವಾಗಿ ಬಂದಿದ್ದು ಅವನೇ ಒಪ್ಕೊಂಡಿದ್ದಾನಲ್ಲ!"

ಫೈಲು ವಾಪಸ್ ಕಳಿಸಿದೆ. ಅವರಿಗೆ ಸಿಟ್ಟು ಬಂತು, ಬರಲಿ. ಎರಡನೇ ಸಲ ಸರಿಯಾಗಿ ಕೂರಿಸಿದಾಗ ಆ ಸಿಪಾಯಿ ಹೆಡ್ ಕ್ಲರ್ಕ್‌ಗೆ ಒಂದೇ ಪ್ರಶ್ನೆ ಕೇಳಿದ: ರಜೆ ಮುಂದುವರಿಸಲು ನಾನು ಬರೆದ ಕಾಗದ ಎಲ್ಲಿ? ಕಾಗದ ಸಿಕ್ಕಿತು. ಜೊತೆಗೆ ತಾಯಿಯ ಆಸ್ಪತ್ರೆ ಚೀಟಿಯೂ ಇತ್ತು. ಆರ್ಮಿ ಆಕ್ಟ್‌ನ ಸೆಕ್ಷನ್ 39ರಲ್ಲಿ ರಜೆ ಮೀರುವುದು ಅಪರಾಧವಾಗಬೇಕಾದರೆ ತಕ್ಕ ಕಾರಣ ಇಲ್ಲದಿರಬೇಕು. ಕೇಸು ಕೋರ್ಟ್ ಮಾರ್ಷಲ್‌ವರೆಗೆ ಬರಲೇ ಇಲ್ಲ.

ಈ ಹಟ ನನ್ನೊಬ್ಬನದಲ್ಲ. ರಂಜಿತ್ ಠಾಕೂರ್ ಕೇಸನ್ನು ನಾವೆಲ್ಲ ಓದಿಯೇ ಬಂದವರು. ಊಟ ಮಾಡು ಅಂದ ಆಜ್ಞೆ ಮೀರಿದ ಅಂತ ಆ ಸಿಪಾಯಿಗೆ ಒಂದು ವರ್ಷ ಜೈಲು, ಮೇಲೆ ವಜಾ. ಅವನು ಯಾರ ಮೇಲೆ ದೂರು ಬರೆದಿದ್ದನೋ ಆ ಅಧಿಕಾರಿಯೇ ವಿಚಾರಣೆಗೆ ಕೂತಿದ್ದರು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಗೆಲ್ಲ ಸೈನ್ಯದ ಹೊರಗೆ ನ್ಯಾಯ ಕೇಳಲು ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ರಿಟ್ ಅರ್ಜಿಯೇ ಮುಖ್ಯ ದಾರಿ. ಸೈನಿಕರ ಮೇಲ್ಮನವಿ, ಪಿಂಚಣಿ ಕೇಸುಗಳನ್ನು ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಶುರುವಾಗಿದ್ದು 2009ರಲ್ಲಿ. ನಮ್ಮ ಕರ್ನಾಟಕದ ಕೇಸುಗಳು ಕೊಚ್ಚಿ ಪೀಠಕ್ಕೆ ಹೋಗುತ್ತವೆ. ಸಿರಾದ ಮಾಜಿ ಸೈನಿಕ ಪಿಂಚಣಿಗಾಗಿ ಕೇರಳಕ್ಕೆ ಓಡಾಡಬೇಕು ಅನ್ನುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಹೆಣ್ಣುಮಕ್ಕಳೂ ಕೇಳುತ್ತಿರುತ್ತಾರೆ. ಜಾಗ್‌ನಲ್ಲಿ ಗಂಡಸರಿಗೆ ಜಾಸ್ತಿ, ಹೆಂಗಸರಿಗೆ ಕಮ್ಮಿ ಸೀಟು ಇಡುತ್ತಿದ್ದ ಪದ್ಧತಿಯನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ. ಧೈರ್ಯವಾಗಿ ಅರ್ಜಿ ಹಾಕಿ. ಓಡುವ ಅಭ್ಯಾಸ ಮಾತ್ರ ಇವತ್ತೇ ಶುರು ಮಾಡಿಕೊಳ್ಳಿ.