11 ವರ್ಷದ ಕನ್ಸಲ್ಟಿಂಗ್ ಕೆಲಸ ಬಿಟ್ಟು ಕಾಂಟ್ರಾಕ್ಟರ್ ಆದ ನನ್ನ ಅನುಭವ

2022ರ ಜನವರಿಯಲ್ಲಿ ರಿಸೈನ್ ಮೇಲ್ ಕಳ್ಸಿದೆ, 90 ದಿನ ನೋಟಿಸ್ ಇತ್ತು, ಏಪ್ರಿಲ್ ಮೂರನೇ ವಾರ ಲ್ಯಾಪ್‌ಟಾಪು ಐಡಿ ಕಾರ್ಡು ವಾಪಸ್ ಕೊಟ್ಟು ಮನೆಗೆ ಬಂದೆ. ಹಾಸನದಿಂದ ಅಮ್ಮ ಫೋನ್ ಮಾಡಿದ್ರು, ಮೊದಲನೇ ಮಾತೇ "ಯಾಕ್ ಮಗಾ, ತೆಗೆದುಬಿಟ್ರಾ?" ಅಂತ. ಇಲ್ಲಮ್ಮ ನಾನೇ ಬಿಟ್ಟೆ ಅಂದ್ರೆ ಅವರಿಗೆ ಇನ್ನೂ ಗಾಬರಿ. ಬೆಂಗಳೂರಲ್ಲಿ ಮನೆ ಸಾಲ ಇದೆ, ಇಎಂಐ 38 ಸಾವಿರ, ಮಗಳು ಮೂರನೇ ಕ್ಲಾಸು, ಅವರ ಗಾಬರಿ ತಪ್ಪೇನಲ್ಲ.

ನಾನು ಎಸ್‌ಎಪಿ ಫೈನಾನ್ಸ್ ಕನ್ಸಲ್ಟೆಂಟ್ (ಎಸ್‌ಎಪಿ ಅಂದ್ರೆ ದೊಡ್ಡ ಕಂಪ್ನಿಗಳು ಲೆಕ್ಕಪತ್ರಕ್ಕೆ ಬಳಸೋ ಸಾಫ್ಟ್‌ವೇರು, ಅದನ್ನ ಮಾಡೋ ಕಂಪ್ನಿ ಹೆಸ್ರೂ ಅದೇ), ಒಂದೇ ಕಂಪ್ನಿಯಲ್ಲಿ 11 ವರ್ಷ. ಕಂಪ್ನಿ ಮೇಲೆ ಕೋಪ ಮಾಡ್ಕೊಂಡು ಬಿಟ್ಟಿದ್ದಲ್ಲ. ಕೊನೆ ಎರಡು ವರ್ಷ ನಾನು ಸಿಸ್ಟಮ್ ಮುಟ್ಟಿದ್ದೇ ಕಮ್ಮಿ, ಬರೀ ಪ್ರಪೋಸಲ್ಲು, ಪಿಪಿಟಿ, ಯಾರು ಪ್ರಾಜೆಕ್ಟಿಲ್ಲದೆ ಬೆಂಚಲ್ಲಿದಾರೆ ಯಾರನ್ನ ಎಲ್ಲಿ ಹಾಕೋದು ಅನ್ನೋ ಎಕ್ಸೆಲ್ಲು. ನನಗಿಷ್ಟ ಇದ್ದಿದ್ದು ತಿಂಗಳ ಕೊನೆಗೆ ಕ್ಲೈಂಟ್ ಅಕೌಂಟ್ಸ್‌ನೋರ ಪಕ್ಕ ಕೂತು ಡಿಪ್ರಿಸಿಯೇಷನ್ ರನ್ (ಆಸ್ತಿಗಳ ಸವಕಳಿ ಲೆಕ್ಕ ಹಾಕೋ ಪ್ರೋಗ್ರಾಮು) ಯಾಕೆ ನಿಂತೋಯ್ತು ಅಂತ ಹುಡುಕೋದು, ಸಿಕ್ಕಿದ ಮೇಲೆ ಅವರು "ಅಬ್ಬಾ, ಇನ್ನ ಮನೆಗೆ ಹೋಗ್ಬೋದು" ಅನ್ನೋದು. ಆ ಕೆಲಸಕ್ಕೆ ವಾಪಸ್ ಹೋಗ್ಬೇಕಿತ್ತು, ಸಂಬಳಕ್ಕಲ್ಲ, ದಿನದ ರೇಟಿಗೆ ಪ್ರಾಜೆಕ್ಟ್ ಹಿಡಿದು ಮಾಡೋ ಕಾಂಟ್ರಾಕ್ಟರ್ ಆಗಿ. ಟೈಮೂ ಸರಿಯಾಗಿತ್ತು, ಇಸಿಸಿ ಅನ್ನೋ ಹಳೇ ಎಸ್‌ಎಪಿ ಸಾಫ್ಟ್‌ವೇರಿಗೆ ಮೇನ್‌ಸ್ಟ್ರೀಮ್ ಮೇಂಟೆನೆನ್ಸ್ (ಮಾಮೂಲಿ ಸಪೋರ್ಟು) 2027ರ ಕೊನೆವರೆಗೆ ಮಾತ್ರ ಅಂತ ಎಸ್‌ಎಪಿಯೋರು 2020ರಲ್ಲೇ ಹೇಳಿದ್ರು, ಹಾಗಾಗಿ ಅದರ ಹೊಸ ಸಾಫ್ಟ್‌ವೇರ್ ಎಸ್/4 ಹಾನಾಗೆ ಹೋಗೋ ಪ್ರಾಜೆಕ್ಟುಗಳು ಸಾಲಾಗಿ ಬರ್ತಾ ಇದ್ವು.

ಬಿಡೋಕ್ಕೆ ಮುಂಚೆ ಮಾಡಿದ್ದು ಮೂರ್ನಾಲ್ಕು ಕೆಲಸ. ಮುಖ್ಯವಾದದ್ದು ಹೆಲ್ತ್ ಇನ್ಶೂರೆನ್ಸ್. ಕಂಪ್ನಿ ಗ್ರೂಪ್ ಪಾಲಿಸಿ ಕೊನೇ ದಿನಕ್ಕೆ ಮುಗಿಯುತ್ತೆ, ಸ್ವಂತ ಪಾಲಿಸಿಯಲ್ಲಿ ಮೊದಲೇ ಇರೋ ಕಾಯಿಲೆಗೆ ವರ್ಷಗಟ್ಟಲೆ ವೇಟಿಂಗ್ ಇರುತ್ತೆ. ಅಮ್ಮಂಗೆ ಶುಗರ್ ಇದೆ, ಅದಕ್ಕೇ 2019ರಲ್ಲೇ ಬೇರೆ ಪಾಲಿಸಿ ತಗೊಂಡು ಆ ಗಡಿಯಾರ ಓಡೋಕ್ಕೆ ಬಿಟ್ಟಿದ್ದೆ. ಕೆಲಸ ಬಿಡೋ ಯೋಚನೆ ಇನ್ನೂ ಪಕ್ಕಾ ಆಗದೇ ಇರೋರೂ ಇದನ್ನ ಇವತ್ತೇ ಮಾಡಿ, ದಯವಿಟ್ಟು. ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಟ್ಟಾಗ ಕಂಪ್ನಿ ಕೊಡೋ ದುಡ್ಡು, ಐದು ಲಕ್ಷ ಚಿಲ್ಲರೆ ಬಂತು (ಬೇಸಿಕ್ 80 ಸಾವಿರ, ಅದರ 15/26, ಇಂಟು 11 ವರ್ಷ), ಅದನ್ನ ಮುಟ್ಟದೆ ಎಫ್‌ಡಿ ಇಟ್ಟೆ. ಪಿಎಫ್ ಹಾಗೇ ಬಿಟ್ಟೆ, ಬಡ್ಡಿ ಬರ್ತಾ ಇರುತ್ತೆ, ಆದ್ರೆ ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ಟ್ಯಾಕ್ಸ್ ಇದೆ ನೆನಪಿರ್ಲಿ.

ಇನ್ನ ರೇಟು. ಎಲ್ಲರೂ ಮಾಡೋ ತಪ್ಪು ಅಂದ್ರೆ ಸಂಬಳಾನ 12ರಿಂದ ಭಾಗಿಸಿ, ಆಮೇಲೆ 22ರಿಂದ ಭಾಗಿಸಿ ಅದೇ ದಿನದ ರೇಟು ಅನ್ಕೊಳ್ಳೋದು. ನನ್ನ ಸಿಟಿಸಿ (ಕಂಪ್ನಿಗೆ ನನ್ನ ಮೇಲಾಗೋ ವರ್ಷದ ಒಟ್ಟು ಖರ್ಚು) 24 ಲಕ್ಷ ಇತ್ತು. 365 ದಿನದಲ್ಲಿ ಶನಿವಾರ ಭಾನುವಾರ 104 ತೆಗೀರಿ, ಹಬ್ಬ ರಜ 10, ನನ್ನ ಜ್ವರ ನೆಗಡಿ ಊರು ಅಂತ 15, ಉಳಿದಿದ್ದು 236. ಅದರಲ್ಲೂ ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗೋವರೆಗೆ ಖಾಲಿ ಕೂರೋದಿರುತ್ತೆ, ನಾನು 46 ದಿನ ಇಟ್ಟೆ. ಬಿಲ್ ಮಾಡೋಕ್ಕೆ ಸಿಗೋದು 190 ದಿನ. 24 ಲಕ್ಷಾನ 190ರಿಂದ ಭಾಗಿಸಿದ್ರೆ 12,600 ಚಿಲ್ಲರೆ, ಅದಕ್ಕೆ ಇನ್ಶೂರೆನ್ಸು, ಲ್ಯಾಪ್‌ಟಾಪು, ಸಿಎ ಫೀಸು ಸೇರ್ಸಿ 14 ಸಾವಿರ ಕೇಳ್ದೆ. ಮೊದಲನೇ ವೆಂಡರ್ (ಕ್ಲೈಂಟಿಂದ ಕೆಲಸ ಹಿಡಿದು ನಮ್ಮಂಥೋರನ್ನ ಹಾಕೋ ಮಧ್ಯದ ಕಂಪ್ನಿ) 11 ಸಾವಿರಕ್ಕೆ ಬನ್ನಿ ಅಂದ್ರು, ನಾನು ಈ ಲೆಕ್ಕಾನೇ ಮುಂದಿಟ್ಟೆ, ಒಪ್ಕೊಂಡ್ರು.

ರೇಟಲ್ಲಿ ಗೆದ್ದೆ ಅನ್ನೋ ಖುಷಿಯಲ್ಲಿ ಅಗ್ರಿಮೆಂಟಿನ ನಾಲ್ಕನೇ ಪುಟ ಸರಿಯಾಗಿ ಓದ್ಲಿಲ್ಲ. ಅಲ್ಲೊಂದು ಸಾಲಿತ್ತು, ಎಂಡ್ ಕ್ಲೈಂಟಿಂದ ಹಣ ಬಂದ 15 ದಿನದೊಳಗೆ ಪಾವತಿ ಅಂತ. ಇದಕ್ಕೆ ನಮ್ಮ ಲೈನಲ್ಲಿ ಬ್ಯಾಕ್ ಟು ಬ್ಯಾಕ್ ಪೇಮೆಂಟ್ ಅಂತಾರೆ. 15 ದಿನ ಅನ್ನೋದು ಮಾತ್ರ ಕಣ್ಣಿಗೆ ಬಿತ್ತು, ಅದು ಯಾವಾಗಿಂದ 15 ದಿನ ಅನ್ನೋದು ಬೀಳ್ಲಿಲ್ಲ.

ಮೇ ತಿಂಗಳು 20 ದಿನ ಕೆಲಸ ಮಾಡ್ದೆ. ಇನ್‌ವಾಯ್ಸ್ 2,80,000, ಮೇಲೆ 18% ಜಿಎಸ್‌ಟಿ 50,400. ಸರ್ವಿಸ್‌ಗೆ ವರ್ಷಕ್ಕೆ 20 ಲಕ್ಷದವರೆಗೆ ಜಿಎಸ್‌ಟಿ ಬೇಡ, ಆದ್ರೆ ನನ್ನ ಲೆಕ್ಕ 26 ಲಕ್ಷ ದಾಟ್ತಿತ್ತು, ವೆಂಡರೂ ನಂಬರ್ ಬೇಕೇ ಬೇಕು ಅಂದಿದ್ರು, ಅದಕ್ಕೆ ಶುರುವಲ್ಲೇ ಮಾಡ್ಸಿದ್ದೆ. 10% ಟಿಡಿಎಸ್ (ಮೊದಲೇ ಹಿಡಿಯೋ ಇನ್‌ಕಮ್ ಟ್ಯಾಕ್ಸ್) 28,000 ಹಿಡ್ಕೊಂಡು 3,02,400 ಅಕೌಂಟಿಗೆ ಬರ್ಬೇಕು. ಮೇ 31ಕ್ಕೆ ಇನ್‌ವಾಯ್ಸ್ ಹಾಕ್ದೆ. ಜೂನ್ 18ಕ್ಕೆ ನಮ್ಮ ಸಿಎ ಫೋನು, 20ರೊಳಗೆ ಜಿಎಸ್‌ಟಿ ಕಟ್ಟಿ ಸರ್ ಅಂತ. ದುಡ್ಡೇ ಬಂದಿಲ್ವಲ್ಲ ಅಂದೆ. ಬಂದಿದ್ಯೋ ಇಲ್ವೋ ಸರ್ಕಾರಕ್ಕೆ ಸಂಬಂಧ ಇಲ್ಲ, ಇನ್‌ವಾಯ್ಸ್ ಡೇಟ್ ಮೇ ಅಂದ್ಮೇಲೆ ಜೂನ್ 20ಕ್ಕೆ ಕಟ್ಟೋದೇ ಅಂದ್ರು. ಕಟ್ಟಿದೆ. ಜುಲೈ 20ಕ್ಕೆ ಜೂನಿಂದು ಕಟ್ಟಿದೆ. ಆಗಸ್ಟ್ 20ಕ್ಕೆ ಜುಲೈದು. ಒಂದು ರೂಪಾಯಿ ಕೈಗೆ ಬರೋಕ್ಕೆ ಮುಂಚೆ ಹತ್ರತ್ರ ಒಂದೂವರೆ ಲಕ್ಷ ನನ್ನ ಜೇಬಿಂದ ಹೋಗಿತ್ತು, ಇಎಂಐ ಬೇರೆ, ಮುಟ್ಟಬಾರ್ದು ಅಂತ ಇಟ್ಟಿದ್ದ ಎಫ್‌ಡಿ ಮುರಿದೆ.

ಆ ಆಗಸ್ಟ್ ನೆನಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚುತ್ತೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೆಂಡತಿ ಸೀರೆ ಬೇಡ ಅಂದ್ಲು, ಕೇಳದೇ ಬೇಡ ಅಂದಿದ್ದು ಇನ್ನೂ ನೋವು. ಅವಳು ಸ್ಕೂಲ್ ಟೀಚರ್, ಆ ನಾಲ್ಕು ತಿಂಗಳು ಮನೆ ನಡೆದಿದ್ದು ಅವಳ ಸಂಬಳದಲ್ಲೇ. ಕೆಲಸ ಇಲ್ಲದೇ ಕೂತಿದ್ರೆ ಬೇರೆ ಮಾತು, ಅದಕ್ಕೆ ನಾನು ತಯಾರಾಗಿದ್ದೆ. ದಿನಾ ಹತ್ತು ಗಂಟೆ ಕೆಲಸ ಮಾಡಿ, ಕ್ಲೈಂಟ್ ಹೊಗಳಿ, ಆಮೇಲೆ ದುಡಿದ ದುಡ್ಡಿಗೆ ವಾರಕ್ಕೆರಡು ಸಲ ಫೋನ್ ಮಾಡಿ ಕೇಳೋದು, ಅದಕ್ಕೆ ತಯಾರಾಗಿರ್ಲಿಲ್ಲ.

ವೆಂಡರ್ ಒಂದೇ ಮಾತು, ಕ್ಲೈಂಟ್ ಇನ್ನೂ ಕೊಟ್ಟಿಲ್ಲ. ಕೊನೆಗೆ ಕ್ಲೈಂಟ್ ಆಫೀಸಲ್ಲೇ ಅಕೌಂಟ್ಸ್ ಮ್ಯಾನೇಜರ್ ಹತ್ರ ಟೀ ಕುಡೀತಾ ವಿಷಯ ತೆಗೆದೆ, ಅವರು ನನ್ ಮುಂದೇನೇ ಸಿಸ್ಟಮಲ್ಲಿ ವೆಂಡರ್ ಲೆಡ್ಜರ್ (ವೆಂಡರ್‌ಗೆ ಕೊಟ್ಟ ದುಡ್ಡಿನ ಲೆಕ್ಕ) ತೆಗೆದು ನೋಡಿದ್ರು. ಮೇ ತಿಂಗಳದ್ದು ಕ್ಲಿಯರ್ ಆಗಿ ಮೂರು ವಾರ ಆಗಿತ್ತು. ಹಸಿರು ಬಣ್ಣದ ಆ ಸಾಲು, ಡೇಟು, ಬ್ಯಾಂಕಿಂದ ದುಡ್ಡು ಹೋಗಿದ್ದಕ್ಕೆ ಸಿಗೋ ಯುಟಿಆರ್ ನಂಬರು, ಎಲ್ಲಾ ಅಲ್ಲೇ. ನಾನೇ ಕಾನ್ಫಿಗರ್ ಮಾಡ್ಕೊಟ್ಟ ಸ್ಕ್ರೀನ್ ಅದು. ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂತಾರಲ್ಲ, ಹಾಗೆ. ವೆಂಡರ್‌ಗೆ ಆ ಡೇಟು ಹೇಳಿ ಒಂದು ಮೇಲ್ ಹಾಕ್ದೆ, ಜಗಳ ಇಲ್ಲ, ಎರಡೇ ಸಾಲು. ಸೆಪ್ಟೆಂಬರ್ 6ಕ್ಕೆ ಮೇ ತಿಂಗಳದ್ದು ಬಂತು.

ಆಮೇಲೆ ಸಿಎ ಹೇಳಿ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ನೋಂದಣಿ) ಮಾಡ್ಸಿದೆ, ಆನ್‌ಲೈನು, ಫೀಸಿಲ್ಲ. ಒಬ್ಬರೇ ಕೆಲಸ ಮಾಡೋ ಕನ್ಸಲ್ಟೆಂಟೂ ಮೈಕ್ರೋ ಎಂಟರ್‌ಪ್ರೈಸ್ (ಅತಿ ಸಣ್ಣ ಉದ್ದಿಮೆ) ಆಗ್ಬೋದು, ಸಣ್ಣ ಉದ್ದಿಮೆಗಳಿಗಿರೋ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಅಗ್ರಿಮೆಂಟಲ್ಲಿ ಏನೇ ಬರ್ಕೊಂಡ್ರೂ 45 ದಿನಕ್ಕಿಂತ ಹೆಚ್ಚು ಎಳೆಯೋ ಹಾಗಿಲ್ಲ, ಎಳೆದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ ಆದ್ಮೇಲೆ ಇನ್ನೊಂದು ಬಲ ಬಂತು, ಆ ಗಡುವಲ್ಲಿ ಕೊಡ್ದೇ ಇದ್ರೆ ಅವರಿಗೆ ಆ ಖರ್ಚನ್ನ ಆ ವರ್ಷದ ಟ್ಯಾಕ್ಸಲ್ಲಿ ತೋರ್ಸೋಕ್ಕಾಗಲ್ಲ, ಕೊಟ್ಟ ವರ್ಷವೇ ತೋರ್ಸ್ಬೇಕು. ಆದ್ರಿಂದ ಮಾರ್ಚ್ ಬಂದ್ರೆ ಅವರ ಅಕೌಂಟ್ಸ್‌ನೋರೇ ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳ್ಸಿ ಅಂತ ಕೇಳ್ತಾರೆ. ಇದನ್ನ ಕೆಲಸ ಶುರುವಾಗೋಕ್ಕೆ ಮುಂಚೇನೇ ಮಾಡ್ಸಿ, ನಂಬರ್ ಪ್ರತಿ ಇನ್‌ವಾಯ್ಸ್ ಮೇಲೂ ಹಾಕಿ.

ಎರಡನೇ ಕಾಂಟ್ರಾಕ್ಟಲ್ಲಿ ಬೇರೆ ವೆಂಡರು, ಮತ್ತೆ ಅದೇ ಬ್ಯಾಕ್ ಟು ಬ್ಯಾಕ್ ಸಾಲು. ಈ ಸಲ ರೇಟಲ್ಲಿ 500 ರೂಪಾಯಿ ಬಿಟ್ಕೊಟ್ಟೆ, ಆ ಸಾಲು ತೆಗೆದು ಇನ್‌ವಾಯ್ಸ್ ಡೇಟಿಂದ 30 ದಿನ ಅಂತ ಬರ್ಸ್ಕೊಂಡೆ. ಎರಡು ದಿನ ಯೋಚ್ನೆ ಮಾಡಿ ಒಪ್ಪಿದ್ರು. ನನ್ನ ಪ್ರಕಾರ ಆ 500 ನಾನು ಮಾಡಿರೋ ಒಳ್ಳೇ ವ್ಯಾಪಾರ.

ಟ್ಯಾಕ್ಸ್ ನಿಜ ಹೇಳ್ಬೇಕಂದ್ರೆ ಹೆದರಿದಷ್ಟು ಕಷ್ಟ ಇರ್ಲಿಲ್ಲ. ಇನ್‌ಕಮ್ ಟ್ಯಾಕ್ಸ್ ಕಾಯ್ದೆಯಲ್ಲಿ 44ಎಡಿಎ ಅಂತ ಒಂದು ಸೆಕ್ಷನ್ ಇತ್ತು, ಬಂದಿದ್ದರಲ್ಲಿ ಅರ್ಧ ಆದಾಯ ಅಂತ ತೋರ್ಸಿದ್ರೆ ಸಾಕು, ಖರ್ಚಿನ ಬಿಲ್ಲು ಗುಡ್ಡೆ ಹಾಕೋದು ಬೇಡ, ಅಡ್ವಾನ್ಸ್ ಟ್ಯಾಕ್ಸೂ ಮಾರ್ಚ್ 15ಕ್ಕೆ ಒಂದೇ ಕಂತು. ಪ್ರೊಫೆಷನಲ್ ಟ್ಯಾಕ್ಸ್ ಮಾತ್ರ ಈಗ ನಾವೇ ಕಟ್ಬೇಕು, ವರ್ಷಕ್ಕೆ 2,500, ಏಪ್ರಿಲ್ 30ರೊಳಗೆ. ಹೊಸ ಸಾಲ ಏನಾದ್ರೂ ಬೇಕಿದ್ರೆ ಪೇ ಸ್ಲಿಪ್ ಇರುವಾಗ್ಲೇ ಯೋಚ್ನೆ ಮಾಡಿ, ಆಮೇಲೆ ಬ್ಯಾಂಕ್‌ನೋರು ಎರಡು ಮೂರು ವರ್ಷದ ರಿಟರ್ನ್ಸ್ ಕೇಳ್ತಾರೆ.

ಹೋದ ವಾರ ನಮ್ಮ ಹಳೇ ಟೀಮಿನ ಹುಡುಗ ಒಬ್ಬ, ಅವನೂ ರಿಸೈನ್ ಮಾಡಿದಾನಂತೆ, ತನ್ನ ಮೊದಲನೇ ಅಗ್ರಿಮೆಂಟ್ ಕಳ್ಸಿ ರೇಟ್ ಸರಿ ಇದ್ಯಾ ನೋಡಿ ಸರ್ ಅಂದ. ರೇಟ್ ಚೆನ್ನಾಗೇ ಇತ್ತು. ಪೇಮೆಂಟ್ ಸಾಲು ಹುಡುಕಿದೆ, ಆರನೇ ಪುಟದಲ್ಲಿತ್ತು. ಕೆಂಪಲ್ಲಿ ಗುರುತು ಮಾಡಿ ವಾಪಸ್ ಕಳ್ಸಿದೀನಿ. ಸೈನ್ ಮಾಡೋಕ್ಕೆ ಸೋಮವಾರದವರೆಗೆ ಟೈಮ್ ಕೇಳಿದಾನೆ.