ಸರ್ವರ್ ಇಲ್ಲದೆ ಕೋಲಾರದ ಕೆರೆ ನಕ್ಷೆ ವೆಬ್‌ಗೆ ಹಾಕಿದ್ದು

ಕೋಲಾರ ಜಿಲ್ಲೆಯ ಸರಣಿ ಕೆರೆಗಳ ನನ್ನ ನಕ್ಷೆ ಈಗ ನಾನು ನಡೆಸಬೇಕಾದ ಯಾವ ಸರ್ವರೂ ಇಲ್ಲದೆ ಓಡುತ್ತಿದೆ. "ಪೋಸ್ಟ್‌ಜಿಐಎಸ್, ಜಿಯೋಸರ್ವರ್ ಇಲ್ಲದೆ ಇಷ್ಟು ಡೇಟಾ ಹೇಗೆ ತೋರಿಸ್ತೀರಿ ಸಾರ್?" ಅಂತ ಕೇಳಿದವರೇ ಜಾಸ್ತಿ (ಎರಡೂ ನಕ್ಷೆ ಡೇಟಾ ಇಟ್ಟು ಹಂಚುವ ಸರ್ವರ್ ತಂತ್ರಾಂಶಗಳು). ಒಂದು ಪಿಎಂಟೈಲ್ಸ್ ಫೈಲ್ (ಇಡೀ ನಕ್ಷೆ ತುಂಡು ತುಂಡಾಗಿ ಇರುವ ಫೈಲ್, ಬ್ರೌಸರ್ ಬೇಕಾದ ತುಂಡನ್ನಷ್ಟೇ ತರಿಸಿಕೊಳ್ಳುತ್ತದೆ), ಒಂದು ಎಚ್‌ಟಿಎಂಎಲ್ ಪುಟ, ಅಷ್ಟೇ. ಎರಡು ಮಳೆಗಾಲ ಕಳೆದಿವೆ, ಒಮ್ಮೆಯೂ ನಿಂತಿಲ್ಲ.

ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಕುಂಟೆ, ಕಾಲುವೆ, ಕೋಡಿ, ತೂಬು ಎಲ್ಲ ಸೇರಿ, ನಕ್ಷೆ ಬರೆಯುವ ತಂತ್ರಾಂಶವಾದ ಕ್ಯೂಜಿಐಎಸ್‌ನ ನನ್ನ ಪ್ರಾಜೆಕ್ಟ್‌ನಲ್ಲಿ ಹತ್ತಿರ ಮೂವತ್ತು ಸಾವಿರ ಫೀಚರ್ (ನಕ್ಷೆಯ ಗುರುತು) ಇದ್ದವು. 2018ರಲ್ಲಿ ಕೆಸಿ ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬಂದ ಮೇಲೆ ಊರಿನವರು ಕೇಳುವುದು ಒಂದೇ: ಆ ಕೆರೆ ಕೋಡಿ ಬಿದ್ದರೆ ನಮ್ಮ ಕೆರೆಗೆ ನೀರು ಬರುತ್ತಾ? ಮೊಬೈಲ್‌ನಲ್ಲಿ ಕೆರೆಯ ಮೇಲೆ ಬೆರಳಿಟ್ಟರೆ ಅದಕ್ಕೆ ಉತ್ತರ ಸಿಗಬೇಕಿತ್ತು.

ಕ್ಯೂಜಿಐಎಸ್‌ಟುವೆಬ್ ಪ್ಲಗಿನ್ ಇಡೀ ಡೇಟಾವನ್ನು ಪುಟದ ಜೊತೆಗೇ ಇಳಿಸುತ್ತದೆ. ನನ್ನದು ನಲವತ್ತು ಎಂಬಿ ದಾಟಿತು, ಅಗ್ಗದ ಫೋನ್‌ಗಳಲ್ಲಿ ತೆರೆಯಲೇ ಇಲ್ಲ. ಆಮೇಲೆ ಬಾಡಿಗೆ ಸರ್ವರ್ ಹಿಡಿದು ಜಿಯೋಸರ್ವರ್ ಹಾಕಿದೆ. ಕೆಲಸವೇನೋ ಮಾಡಿತು, ಆದರೆ ಮೆಮೊರಿ ಸಾಲದೆ ಮತ್ತೆ ಮತ್ತೆ ನಿಲ್ಲುತ್ತಿತ್ತು. ತಿಂಗಳಿಗೆ ಎರಡು ಸಾವಿರದ ಮೇಲೆ, ವರ್ಷಕ್ಕೆ ಇಪ್ಪತ್ತೈದು ಸಾವಿರದ ಹತ್ತಿರ. ಅದೂ ನನ್ನ ಕೈಯಿಂದ. ಈಗಿನ ಖರ್ಚು ಡೊಮೈನ್‌ಗೆ ಮಾತ್ರ, ವರ್ಷಕ್ಕೆ ಸಾವಿರ ಚಿಲ್ಲರೆ.

ನಕ್ಷೆ ಡೇಟಾ ಇಡುವ ಹಳೆಯ ಫೈಲ್ ರೂಪ ಶೇಪ್‌ಫೈಲ್, ಅದನ್ನು ಮೊದಲು ಬಿಡಿ. ಕಾಲಂ ಹೆಸರಿಗೆ ಅದರಲ್ಲಿ 10 ಬೈಟ್ ಮಾತ್ರ ಜಾಗ. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು, ಎತ್ವಕ್ಕೂ ತಲಾ 3 ಬೈಟ್ ಬೇಕು. ‘ಕೆರೆಹೆಸರು’ ಎಂಬ ಕಾಲಂ ‘ಕೆರ’ಕ್ಕೇ ನಿಲ್ಲುತ್ತದೆ. ನಾನು ಜಿಯೋಪ್ಯಾಕೇಜ್‌ನಲ್ಲಿ ತಿದ್ದಿ, ಫ್ಲಾಟ್‌ಜಿಯೋಬಫ್ ಆಗಿ ಹೊರತೆಗೆದು (ಎರಡೂ ಹೊಸ ಫೈಲ್ ರೂಪಗಳು), ನಕ್ಷೆಯನ್ನು ತುಂಡುಗಳಾಗಿ ಮಾಡುವ ಟಿಪ್ಪೆಕನೂ ತಂತ್ರಾಂಶಕ್ಕೆ ಕೊಡುತ್ತೇನೆ. ಕೆರೆಗಳ ಎಕರೆ ಲೆಕ್ಕ ಅದಕ್ಕೂ ಮೊದಲೇ ಮುಗಿದಿರಬೇಕು, ಅದರಲ್ಲೂ ಎಚ್ಚರ ಬೇಕು. 78ನೇ ರೇಖಾಂಶ ಜಿಲ್ಲೆಯ ಮಧ್ಯೆಯೇ ಹಾಯುವುದರಿಂದ ಅಳತೆಗೆ ಭೂಮಿಯನ್ನು ಪಟ್ಟಿಗಳಾಗಿ ಹಂಚುವ ಯುಟಿಎಂ ಪದ್ಧತಿಯಲ್ಲಿ ಮಾಲೂರು 43ನೇ ಪಟ್ಟಿಯಲ್ಲಿ, ಮುಳಬಾಗಿಲು 44ರಲ್ಲಿ ಬರುತ್ತವೆ.

ಟಿಪ್ಪೆಕನೂ ತನ್ನ ಪಾಡಿಗೆ ಬಿಟ್ಟರೆ ದೂರದ ಝೂಮ್‌ನಲ್ಲಿ ಸಣ್ಣ ಆಕಾರಗಳನ್ನು ಕರಗಿಸಿಬಿಡುತ್ತದೆ. ಕುಂಟೆಗಳು ಮಾಯ. ಸಣ್ಣ ಪಾಲಿಗನ್ ಕಡಿತವನ್ನು ನಿಲ್ಲಿಸುವ ಆಯ್ಕೆ ಇದೆ, ಹಾಕಿ. ಕುಂಟೆಗೂ ಕಾಲುವೆಗೂ ಬೇರೆ ಬೇರೆ ಝೂಮ್ ಮಿತಿ ಇಟ್ಟೆ. ಫೈಲ್ ಹನ್ನೆರಡು ಎಂಬಿ ಆಸುಪಾಸಿಗೆ ಬಂತು. ಫೈಲ್ ಇಡುವ ವೆಬ್ ಜಾಗ ರೇಂಜ್ ರಿಕ್ವೆಸ್ಟ್‌ಗೆ (ಫೈಲ್‌ನ ಒಂದು ತುಂಡು ಮಾತ್ರ ಕೇಳುವುದು) 206 ಎಂಬ ಉತ್ತರ, ಅಂದರೆ ಆ ತುಂಡನ್ನಷ್ಟೇ, ಕೊಡುತ್ತದಾ ಅಂತ ಮೊದಲೇ ನೋಡಿ. ನಾನು ಮೊದಲು ದುಡ್ಡು ಕಟ್ಟಿದ ಕಡೆ ಆ ಸೌಲಭ್ಯವೇ ಇರಲಿಲ್ಲ, ಆ ದುಡ್ಡು ವಾಪಸೂ ಬರಲಿಲ್ಲ.

ಜಾಸ್ತಿ ಕಾಡಿದ್ದು ಕನ್ನಡದ ಹೆಸರುಗಳು. ಬ್ರೌಸರ್‌ನಲ್ಲಿ ನಕ್ಷೆ ಬಿಡಿಸಲು ನಾನು ಬಳಸಿದ ಮ್ಯಾಪ್‌ಲಿಬ್ರೆ ತಂತ್ರಾಂಶ ಒತ್ತಕ್ಷರ ಕೂಡಿಸುತ್ತಿರಲಿಲ್ಲ. ‘ಲಕ್ಷ್ಮೀಸಾಗರ’ ಚೂರುಚೂರಾಗಿ ಬಂತು. "ಇಂಗ್ಲಿಷ್‌ನಲ್ಲಿ ಹಾಕಿ, ಸುಮ್ನೆ ಯಾಕೆ ಕಷ್ಟ" ಅಂದರು. ನಮ್ಮೂರ ಕೆರೆಗೆ ನಮ್ಮ ಲಿಪಿಯಲ್ಲಿ ಹೆಸರಿಲ್ಲ ಅಂದರೆ ಹೇಗೆ, ಅಲ್ವಾ? ಕೊನೆಗೆ ಹೆಸರುಗಳನ್ನು ನಕ್ಷೆಯ ಮೇಲೆ ಎಚ್‌ಟಿಎಂಎಲ್ ಪದರವಾಗಿ ಇಟ್ಟೆ. ಅಕ್ಷರ ಜೋಡಿಸುವ ಕೆಲಸ ಬ್ರೌಸರ್‌ನದ್ದಾಯಿತು. ಸಾವಿರಾರು ಹೆಸರುಗಳು ಒಂದರ ಮೇಲೊಂದು ಬೀಳದಂತೆ, ಫೋನ್ ನಿಧಾನ ಆಗದಂತೆ ಮಾಡಿದ ಉಪಾಯವನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇಷ್ಟು ಕೆರೆ ಹೆಸರುಗಳನ್ನು ಶುದ್ಧ ಕನ್ನಡ ಅಕ್ಷರದಲ್ಲಿ ಇಷ್ಟು ಸರಾಗವಾಗಿ ತೋರಿಸುವ ನಕ್ಷೆ ನಾನಿನ್ನೂ ಬೇರೆ ನೋಡಿಲ್ಲ.

ಇದರ ನಡುವೆ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಯಾವ ಕೆರೆಯಲ್ಲಿ ನೀರಿದೆ ಅಂತ ತಿಂಗಳು ತಿಂಗಳು ತೆಗೆಯಲು ನೋಡಿದೆ. 10 ಮೀಟರ್ ಪಿಕ್ಸೆಲ್, ದೊಡ್ಡ ಕೆರೆಗೆ ಸಾಕು. ಆದರೆ ಅಂತರಗಂಗೆ ಕಳೆ ಹಬ್ಬಿದ ಕೆರೆ, ಚಿತ್ರದಲ್ಲಿ ನೀರನ್ನು ಗುರುತಿಸುವ ಎನ್‌ಡಿಡಬ್ಲ್ಯುಐ ಲೆಕ್ಕದಲ್ಲಿ ಒಣಗಿದ ಹಾಗೆ ಬರುತ್ತದೆ. ತುಂಬಿದ ಕೆರೆಯನ್ನು ಬರಿದು ಅಂತ ತೋರಿಸುವ ಪದರವನ್ನು ಜನರ ಮುಂದೆ ಇಡಲು ಮನಸ್ಸು ಬರಲಿಲ್ಲ, ಪಕ್ಕಕ್ಕಿಟ್ಟೆ.

ಈಗ ಯಾರಾದರೂ ಕಾಲುವೆಯ ದಿಕ್ಕು ತಪ್ಪಿದೆ ಅಂದರೆ ತಿದ್ದಿ ಮತ್ತೆ ಹಾಕಲು ಹತ್ತು ನಿಮಿಷ ಸಾಕು. ಅದೇ ಹೆಸರಿನಲ್ಲಿ ಹೊಸ ಫೈಲ್ ಹಾಕಿದರೆ ಬ್ರೌಸರ್ ಹಳೆಯ ತುಂಡು, ಹೊಸ ತುಂಡು ಬೆರೆಸಿ ನಕ್ಷೆ ಹರಿದುಹೋಗುತ್ತದೆ. ಅದಕ್ಕೆ ಪ್ರತಿ ಸಲ ಫೈಲ್ ಹೆಸರಿಗೆ ತಾರೀಖು ಸೇರಿಸುತ್ತೇನೆ, ಹಳೆಯದನ್ನು ಒಂದು ವಾರ ಬಿಟ್ಟು ಅಳಿಸುತ್ತೇನೆ.