ಬ್ಲ್ಯಾಕ್ ಪ್ಯಾಂಥರ್ ಚಿತ್ರವನ್ನು ಎರಡನೆಯ ಸಲ ನೋಡುವ ಬಗೆ

ಇದು ವಕಾಂಡಾ ಎಂಬ ಕಲ್ಪನೆಯ ಆಫ್ರಿಕನ್ ರಾಜ್ಯದ ಕಥೆ ಹೇಳುವ, 2018ರ ಹಾಲಿವುಡ್ ಚಿತ್ರ. ಮೊದಲ ಸಲ ಕಥೆಯ ಹಿಂದೆ ಹೋಗಿಬಿಡಿ. ಎರಡನೆಯ ಸಲ ಶಬ್ದ ತಗ್ಗಿಸಿ, ಬಟ್ಟೆ ನೋಡಿ. ನಾನು ಹೊಲಿಗೆಯವಳು, ನನ್ನ ಕಣ್ಣು ಹೇಗೂ ಅಲ್ಲಿಗೇ ಹೋಗುತ್ತದೆ.

ನಾಯಕನ ತಾಯಿ ರಾಣಿ ರಮೊಂಡಾ ಬಂದ ಕೂಡಲೇ ಚಿತ್ರ ನಿಲ್ಲಿಸಿ. ಆಕೆಯ ಅಗಲ ಟೋಪಿಗೆ ಮಾದರಿ, ದಕ್ಷಿಣ ಆಫ್ರಿಕಾದ ಜುಲು ಸಮುದಾಯದ ಮದುವೆಯಾದ ಹೆಂಗಸರು ತೊಡುವ ಟೋಪಿ. ಇಲ್ಲಿ ಅದನ್ನು ತ್ರೀಡಿ ಮುದ್ರಣದಲ್ಲಿ ಮಾಡಿದ್ದಾರೆ. ಅಷ್ಟು ಸಮವಾದ ಕುಸುರಿ ಸೂಜಿಯಲ್ಲಿ ನನ್ನಿಂದಾಗದು! ಗಡಿ ಕಾಯುವವರು ಹೊದ್ದ ಕಂಬಳಿ ಲೆಸೊಥೊ ದೇಶದ ಬಸೊಥೊ ಜನರದು. ಯೋಧೆಯರ ಕೊರಳ ಬಳೆಗಳಿಗೆ ದಕ್ಷಿಣ ಆಫ್ರಿಕಾದ ಎನ್‌ಡೆಬೆಲೆ ಸಮುದಾಯದ ಹೆಂಗಸರ ಆಭರಣವೇ ಪ್ರೇರಣೆ. ಒಂದೊಂದನ್ನೂ ಬರೆದುಕೊಂಡು ಭೂಪಟದಲ್ಲಿ ಊರು ಹುಡುಕಿ. ಆಫ್ರಿಕಾ ಎಂದರೆ ಒಂದೇ ಮುದ್ದೆ ಎಂಬ ಭ್ರಮೆ ಒಡೆಯುವುದು ಆಗಲೇ.

ಈಗ ಶಬ್ದ ಏರಿಸಿ. ನಡುನಡುವೆ ಕೇಳುವುದು ದಕ್ಷಿಣ ಆಫ್ರಿಕಾದ ಕೋಸಾ ಭಾಷೆ, ನಾಯಕನ ತಂದೆಯ ಪಾತ್ರ ಮಾಡಿದ ಜಾನ್ ಕಾನಿಯವರ ಮನೆಮಾತು.

ಬಳಿಕ 1940ರ ಆಸ್ಕರ್ ಸಮಾರಂಭಕ್ಕೆ ಹೋಗಿ. ಸೇವಕಿಯ ಪಾತ್ರಕ್ಕೆ ಆಸ್ಕರ್ ಪಡೆದ ಕಪ್ಪು ವರ್ಣೀಯ ನಟಿ ಹ್ಯಾಟಿ ಮೆಕ್‌ಡೇನಿಯಲ್ ಆ ರಾತ್ರಿ ಬಿಳಿಯ ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂತಿದ್ದರು. 2019ರಲ್ಲಿ ಬ್ಲ್ಯಾಕ್ ಪ್ಯಾಂಥರ್‌ನ ಈ ಬಟ್ಟೆಗಳಿಗಾಗಿ, ಅವನ್ನು ವಿನ್ಯಾಸ ಮಾಡಿದ ರೂತ್ ಕಾರ್ಟರ್ ಅವರಿಗೆ ಆಸ್ಕರ್ ಬಂತು. ವಸ್ತ್ರವಿನ್ಯಾಸದಲ್ಲಿ ಕಪ್ಪು ವರ್ಣೀಯರೊಬ್ಬರಿಗೆ ಅದೇ ಮೊದಲು.

2018ರಲ್ಲಿ ಅಮೆರಿಕದ ಎಷ್ಟೋ ಕಪ್ಪು ಪ್ರೇಕ್ಷಕರು ಆಫ್ರಿಕನ್ ಉಡುಪು ತೊಟ್ಟೇ ಥಿಯೇಟರಿಗೆ ಹೋದರು. ಆ ಫೋಟೊಗಳನ್ನೂ ತೆರೆದಿಡಿ. ಹಬ್ಬಕ್ಕೆ ಹೊಲಿಸಿದ ಬಟ್ಟೆ ಮೈಮೇಲಿದ್ದಾಗ ಬೆನ್ನು ಹೇಗೆ ನೆಟ್ಟಗಾಗುತ್ತದೆ, ನೋಡಿ.